ಕೊನೆಯ ಪುಟದ ಶುಭಂ

1995ರಲ್ಲಿ ನಾನು ನಂಜನಗೂಡಿನ ಒಂದು ಸಣ್ಣ ಮುದ್ರಣಾಲಯದಲ್ಲಿ ಪ್ರೂಫ್ ರೀಡರ್ ಆಗಿದ್ದೆ. ಮೈಸೂರಿಗೆ ಆಗಲೇ ಆಫ್‌ಸೆಟ್ ಬಂದಿತ್ತು. ನಾವಿನ್ನೂ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದೆವು. ಲಗ್ನಪತ್ರಿಕೆ, ಕರಪತ್ರಗಳೇ ಹೆಚ್ಚು. ವರ್ಷಕ್ಕೆ ಒಂದೆರಡು ಪುಸ್ತಕ ಬಂದರೆ ನನಗೆ ಹಬ್ಬ.

ಆ ವರ್ಷ ಬಂದದ್ದು ಶಿವಮಲ್ಲಯ್ಯನವರ ಕಾದಂಬರಿ. ಟಿ. ನರಸೀಪುರದಿಂದ ಬಸ್ಸಿನಲ್ಲಿ ಬರುತ್ತಿದ್ದ ಎಪ್ಪತ್ತನಾಲ್ಕರ ನಿವೃತ್ತ ಮೇಷ್ಟ್ರು ಅವರು. ಇದು ನಾಲ್ಕನೆಯದು, ಇದೇ ಕೊನೆಯದು ಎಂದಿದ್ದರು. ಹಿಂದಿನ ಮೂರನ್ನೂ ನಾನು ಓದಿದ್ದೆ. ಮೂರರಲ್ಲೂ ಹೊರಟವರು ಮನೆ ಸೇರುವುದಿಲ್ಲ. ವಿಮರ್ಶಕರು ನಿರಾಶಾವಾದಿ ಎಂದು ಹಣೆಪಟ್ಟಿ ಹಚ್ಚಿ ಕೈತೊಳೆದುಕೊಂಡಿದ್ದರು. ನಾನೂ ಅದೇ ಗುಂಪಿನವನು. ಇದರಲ್ಲೂ ಕೊನೆಗೆ ಹೆಂಗಸೊಬ್ಬಳು ಕಾಡಿನಲ್ಲಿ ಕೂತುಬಿಡುತ್ತಾಳೆ, ಅಲ್ಲಿಗೆ ಮುಗಿಯಿತು. ಅವಳೊಬ್ಬಳನ್ನಾದರೂ ಊರು ಮುಟ್ಟಿಸಬಾರದೇ ಎಂದು ಕೇಳಿಯೇಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಇಪ್ಪತ್ತರ ಹರೆಯದಲ್ಲಿ ಬರ್ಮಾದ ಮರದ ಕಂಪನಿಯೊಂದರಲ್ಲಿ ಗುಮಾಸ್ತರಾಗಿದ್ದರಂತೆ. ಯುದ್ಧದಲ್ಲಿ ಜಪಾನಿನವರು ನುಗ್ಗಿದಾಗ ಎಲ್ಲರೂ ನಡೆದೇ ಇಂಡಿಯಾ ಕಡೆ ಹೊರಟರು. ಒಂದು ಕಡೆ ದಾರಿ ಕವಲೊಡೆಯುತ್ತಿತ್ತು. ಅಕ್ಕಿ, ಡೇರೆ, ಡಾಕ್ಟರು ಇದ್ದ ದಾರಿ ಬಿಳಿಯರಿಗೆ. ಬರೀ ಕಾಡಿದ್ದ ದಾರಿ ನಮ್ಮವರಿಗೆ. ನಾಲ್ಕು ಭಾಷೆ ಬಲ್ಲವನೆಂದು ಬ್ರಿಟಿಷ್ ಅಧಿಕಾರಿಯೊಬ್ಬ ಇವರನ್ನೇ ಕವಲಿನಲ್ಲಿ ನಿಲ್ಲಿಸಿದ. ಗಲಾಟೆಯಾಗದಂತೆ ನಮ್ಮವರನ್ನು ಕಾಡಿನತ್ತ ಕಳಿಸಬೇಕು, ಮುಂದೆ ಅಕ್ಕಿ ಸಿಗುತ್ತದೆ ಎನ್ನಬೇಕು. ನಾಲ್ಕು ದಿನ ಹಾಗೇ ಹೇಳಿದರು. ಐದನೆಯ ದಿನ ಅವರನ್ನೂ ಅದೇ ದಾರಿಗೆ ಅಟ್ಟಿದರು.

"ಆ ದಾರೀಲಿ ಒಬ್ಬಳು ಅಕ್ಕಿ ಕಟ್ಕಳಕೆ ಅಂತ ಸೆರಗ ಆಸ್ಕಂಡು ಕೂತಿದ್ಲು ಸಾ, ಕೂತಂಗೇ ಸತ್ತೋಗಿದ್ಲು. ನನ್ ಮಾತ ನಂಬಿದ್ಲು. ಅವ್ಳನ್ನ ನಾ ಊರ್ಗೆ ಎಂಗ್ ಸೇರಿಸ್ಲಿ?"

ಹೊರಡುವಾಗ ಅವರು ಒಂದೇ ಕೋರಿಕೆ ಇಟ್ಟರು: ಕೊನೆಯ ಸಾಲಿನ ಕೆಳಗೆ ನಿಮ್ಮ 'ಶುಭಂ' ಬೇಡ.

ನಮ್ಮಲ್ಲಿ ಯಾವ ಪುಸ್ತಕವೂ ಶುಭಂ ಇಲ್ಲದೆ ಮುಗಿಯುತ್ತಿರಲಿಲ್ಲ. ಹೂಬಳ್ಳಿಯ ನಡುವೆ ಆ ಎರಡಕ್ಷರವಿದ್ದ ಹಳೆಯ ಸೀಸದ ಅಚ್ಚೊಂದಿತ್ತು. ಕೊನೆಯ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಹದಿನಾರು ಪುಟ, ಕಟ್ಟುವಾಗ ಕಂಪೋಸಿಟರ್ ಮರಿಸ್ವಾಮಿ ಅದನ್ನು ಕಣ್ಣಿಗೊತ್ತಿಕೊಂಡು ಇಡುತ್ತಿದ್ದ. ಇಡದಿದ್ದರೆ ಬರೆದವರಿಗೆ ಆಗಿಬರುವುದಿಲ್ಲ ಎಂಬುದು ಅವನ ನಂಬಿಕೆ. ಈ ಪುಸ್ತಕದ ಕೊನೆಯ ಪ್ರೂಫಿನಲ್ಲೂ ಅದು ಕೂತಿತ್ತು. ತೆಗೆಯಲು ಗುರುತು ಹಾಕಿದೆ. ಮರಿಸ್ವಾಮಿ ಬಂದು ನಿಂತ.

"ವಯಸ್ಸಾದೋರು ಸಾ, ಕೊನೇ ಬುಕ್ಕು. ಸಾವ್ನಲ್ಲಿ ಮುಗಿಸ್ಬ್ಯಾಡಿ."

ಗುರುತಿನ ಪಕ್ಕ 'ಇರಲಿ' ಎಂದು ಬರೆದೆ. ತೆಗೆಯಬೇಡಿ, ಉಳಿಸಿ ಎನ್ನಲು ನಮ್ಮ ಕಸುಬಿನಲ್ಲಿ ಬಳಸುವ ಪದ ಅದು. ಮರೆವಿನಿಂದಲ್ಲ, ಗೊತ್ತಿದ್ದೇ ಬರೆದೆ. ಮುದುಕರಿಗೆ ಒಳ್ಳೆಯದು ಬಯಸಿದೆನೆಂಬ ಹೆಮ್ಮೆಯೂ ಇತ್ತು, ಥೂ.

ಐನೂರು ಪ್ರತಿ ಬೈಂಡಾದ ದಿನ ಶಿವಮಲ್ಲಯ್ಯ ಬಂದರು. ಬೆಂಚಿನ ಮೇಲೆ ಕೂತು ಒಂದು ಪ್ರತಿ ತೆಗೆದುಕೊಂಡು ನೇರವಾಗಿ ಕೊನೆಯ ಪುಟಕ್ಕೇ ಹೋದರು. ಶುಭಂ ಮೇಲೆ ಬೆರಳಿಟ್ಟರು.

"ಮುಂದ್ಕೋದ್ರೆ ಅಕ್ಕಿ ಸಿಕ್ತದೆ ಅಂತ ನೀವೂ ಏಳ್ಬುಟ್ರಲ್ಲ ಸಾ."

ಅದರ ಮೇಲೆ ಚೀಟಿ ಅಂಟಿಸಿಕೊಡುತ್ತೇನೆ ಎಂದೆ. ಅಂಟಿಸಿದರೆ ಕೆಳಗೆ ಇರುವುದಿಲ್ಲವೇ ಎಂದು ಕೇಳಿ ಎದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವರು ಆಡಿದ್ದು ಇಪ್ಪತ್ತರ ಹರೆಯದಲ್ಲಿ, ಬಂದೂಕು ಹಿಡಿದ ಅಧಿಕಾರಿಯ ಅಪ್ಪಣೆಗೆ. ನನಗೆ ಯಾರ ಅಪ್ಪಣೆಯೂ ಇರಲಿಲ್ಲ. ಒಂದು ಪ್ರತಿಯನ್ನೂ ಒಯ್ಯದೆ ಬಸ್ಸು ಹತ್ತಿದರು. ಮತ್ತೆ ಬರಲಿಲ್ಲ.

ಪುಸ್ತಕಗಳು ಅಂಗಡಿಗಳಿಗೆ ಹೋದವು. ಎರಡು ತಿಂಗಳ ಮೇಲೆ ಕವಲಂದೆಯ ಓದುಗರೊಬ್ಬರು ಮುದ್ರಣಾಲಯದ ವಿಳಾಸಕ್ಕೆ ಕಾರ್ಡು ಬರೆದರು. ಓದಿ ಸಂಕಟವಾಯಿತಂತೆ, ಕೊನೆಗೆ ಶುಭಂ ನೋಡಿ ಆ ತಾಯಿ ಹೇಗೋ ಊರು ಸೇರಿರಬೇಕೆಂದು ಸಮಾಧಾನವಾಯಿತಂತೆ.

ತಿದ್ದುವವನು ತಪ್ಪನ್ನು ತೆಗೆಯಬೇಕೇ ಹೊರತು ಬರೆದವನು ಕೊಡದ ಸಮಾಧಾನವನ್ನು ತಾನು ಹಂಚಬಾರದು. ಮೂವತ್ತು ವರ್ಷದ ಕಸುಬು ನನಗೆ ಕಲಿಸಿದ್ದು ಅಷ್ಟೇ, ಅದೂ ಇನ್ನೊಬ್ಬರು ಬೆಲೆ ತೆತ್ತ ಮೇಲೆ. ಆ ಕಾರ್ಡಿಗೆ ಅಂದೇ ಉತ್ತರ ಬರೆದೆ: ಅವಳು ಊರು ಸೇರಲಿಲ್ಲ.