ಐದು ದೇಶದ ಪಂಚರು

ಆ ವರ್ಷದ ತೊಗರಿ ರಾಶಿಯನ್ನು ನಾನು ಇಂದಿಗೂ ಮರೆತಿಲ್ಲ. ಥೂ, ನನ್ನ ನೌಕರಿಯೇ ಅಂಥದಿತ್ತು. ಕಲಬುರಗಿಯಲ್ಲಿ, ರೈತರ ಮೊಬೈಲಿಗೆ ಹವಾಮಾನದ ಸಂದೇಶ ಕಳಿಸುವ ಒಂದು ಖಾಸಗಿ ಆಫೀಸು. ಐದು ದೇಶಗಳ ಹವಾಮಾನ ಇಲಾಖೆಗಳ ಮುನ್ಸೂಚನೆ ತರಿಸಿಕೊಂಡು, ಎಲ್ಲ ಕೂಡಿಸಿ, ಒಂದೇ ಗಟ್ಟಿ ಮಾತು ಮಾಡಿ ಹಳ್ಳಿಗೆ ಮುಟ್ಟಿಸುವುದು ನಮ್ಮ ಕಸುಬು. ಅದನ್ನು ಕನ್ನಡದಲ್ಲಿ ಬರೆಯುವುದು ನನ್ನ ಪಾಲು.

ಕೂಡಿಸುವುದೇನೂ ತಪ್ಪಲ್ಲ. ಒಬ್ಬರ ಕಣ್ಣಿಗೆ ಬೀಳದ್ದು ಇನ್ನೊಬ್ಬರಿಗೆ ಬೀಳುತ್ತದೆ. ಆದರೆ ಯಾರ ಮಾತು ನಮ್ಮ ಸೀಮೆಯಲ್ಲಿ ಎಷ್ಟು ನಿಜವಾಗಿದೆ ಎಂದು ತೂಗಿ ನೋಡಬೇಕಲ್ಲ! ನಮ್ಮ ಸಾಹೇಬರಿಗೆ ಅಷ್ಟು ಪುರಸೊತ್ತೆಲ್ಲಿ? ಊರ ಪಂಚಾಯ್ತಿಯ ನ್ಯಾಯವನ್ನೇ ತಂದು ಕಂಪ್ಯೂಟರಿಗೆ ಹಚ್ಚಿದರು.

"ಐದು ದೇಶ ಅಂದ್ರ ಐದು ಮಂದಿ ಪಂಚರು ಇದ್ದಂಗ ನೋಡ್ರಿ. ಹೆಚ್ಚಿನ ಮಂದಿ ಯಾ ಕಡಿ ಅದಾರ, ಅದೇ ತೀರ್ಪು. ಪಂಚರಂದ್ರ ಪರಮೇಶ್ವರ!"

ನನ್ನ ಅಕ್ಕನ ಹೊಲ ಕಮಲಾಪುರದಲ್ಲಿ. ನಮ್ಮವ್ವನ ಕೈಯಿಂದ ಬಂದ ತೊಗರಿ ಬೀಜವನ್ನು ಅವಳು ಕಾದುಕೊಂಡು ಬಂದಿದ್ದಳು. ಅದು ಅಂಗಡಿಯಲ್ಲಿ ಸಿಗುವಂಥದ್ದಲ್ಲ, ಊರಲ್ಲಿ ಬೇರೆ ಯಾರ ಮನೆಯಲ್ಲೂ ಉಳಿದಿರಲಿಲ್ಲ. ಪ್ರತಿ ವರ್ಷ ರಾಶಿಯಾದ ಮೇಲೆ ಒಳ್ಳೆಯ ಕಾಳು ಆರಿಸಿ, ಕಣದಲ್ಲಿ ಒಣಗಿಸಿ, ಬೂದಿ ಬೆರೆಸಿ ಮುಂದಿನ ಬಿತ್ತನೆಗೆ ತುಂಬಿಡುತ್ತಿದ್ದಳು. ಆ ಸಲವೂ ಬೀಜ ಕಣದಲ್ಲಿತ್ತು, ಉಳಿದ ತೊಗರಿ ಆಗಲೇ ಮಾರಿಯಾಗಿತ್ತು. ಅಕ್ಕ ನಾದಿನಿಯ ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಬೀದರಿಗೆ ಹೊರಟು ನಿಂತಿದ್ದಳು.

ಅದೇ ದಿನ ನಾಲ್ಕು ದೇಶಗಳು ಒಣಹವೆ ಎಂದವು, ಒಂದೇ ಒಂದು ಜೋರು ಮಳೆ ಎಂದಿತು. ಸಂದೇಶ ಬರೆಯುತ್ತ ನಾನು ಅವರು ಕಳಿಸಿದ ಪುಟಗಳ ಬುಡದ ಸಣ್ಣಕ್ಷರ ಓದಿದೆ. ಒಣಹವೆ ಎಂದ ನಾಲ್ವರಲ್ಲಿ ಮೂವರು ಸ್ವಂತ ಲೆಕ್ಕ ಹಾಕಿಯೇ ಇರಲಿಲ್ಲ, ನಾಲ್ಕನೆಯವರ ಲೆಕ್ಕವನ್ನೇ ತಂದು ಹಾಕಿದ್ದರು. ಅವರು ಅದನ್ನು ಮುಚ್ಚಿಟ್ಟಿರಲಿಲ್ಲ. ನಮ್ಮಲ್ಲಿ ಯಾರೂ ಓದಿರಲಿಲ್ಲ, ಅಷ್ಟೇ.

ಓಡಿಹೋಗಿ ಹೇಳಿದೆ: "ಸರ್, ಒಂದೇ ಮನಿ ಅಣ್ಣತಮ್ಮಂದಿರನ್ನ ನಾಕು ಮಂದಿ ಪಂಚರಂತ ಕೂಡಿಸೀವ್ರಿ. ಯಾವ ಊರಾಗ ನಡೀತದ್ರೀ ಇದು? ಮಳಿ ಬರಬಹುದು ಅಂತ ಒಂದು ಸಾಲರ ಹಾಕೂಣ."

"ಏ, ತಲಿ ತಿನಬ್ಯಾಡ್ರಿ. ಎರಡೆರಡು ಮಾತು ಹೇಳಿದ್ರ ರೈತರು ನಮ್ಮನ್ನ ನಂಬ್ತಾರೇನು? ಒಣಹವೆ ಅಂತ ಕಳಸ್ರಿ" ಎಂದವರೇ ತಾವೇ ಗುಂಡಿ ಒತ್ತಿದರು. 'ನಾಲ್ಕು ದೇಶಗಳ ಒಮ್ಮತ' ಎಂದು ಮೇಲೊಂದು ತಲೆಬರಹ ಬೇರೆ!

ನಾನು ಹೊರಗೆ ಬಂದು ಅಕ್ಕನಿಗೆ ಫೋನ್ ಹಚ್ಚಿದೆ. "ಅಕ್ಕಾ, ಬೀಜ ಒಳಗ ಹಾಕಿ ಹೋಗು. ಮಳಿ ಬಂದ್ರೂ ಬರಬಹುದು."

"ನಿಮ್ಮ ಆಫೀಸಿಂದೇ ಈಗ ಬಂದದಲ್ಲೋ, ಒಣಹವೆ ಅಂತ! ನಾಕು ದೇಶದವರಿಗಿಂತ ನೀ ಒಬ್ಬಾಂವ ಶಾಣ್ಯಾ ಆದೇನು? ಕಾಳಿಗಿ ಇನ್ನ ಬಿಸಲು ಬೇಕದ. ಬಸ್ ಬಂತು, ಇಡ್ತೀನಿ."

ಸಂಜೆಗೆ ಮಳೆ ಹಿಡಿಯಿತು. ಪಕ್ಕದ ಹೊಲದವರು ಬಂದು ತಾಡಪತ್ರಿ ಹೊದಿಸುವಷ್ಟರಲ್ಲಿ ಕಾಳೆಲ್ಲ ತೊಯ್ದಿತ್ತು. ಹಸಿಕಾಳು ಅದರಡಿಯೇ ಬೆವರುತ್ತ ಬಿದ್ದಿತು, ಮಳೆ ಬಿಡಲೇ ಇಲ್ಲ.

ಮರುದಿನ ಸಾಹೇಬರ ಮುಖದಲ್ಲಿ ಒಂದು ಗೆರೆ ಅಲುಗಿರಲಿಲ್ಲ. "ಐದರಾಗ ಒಂದು ದೇಶ ಮಳಿ ಅಂದಿತ್ತಲ್ರೀ? ಅದೂ ನಮ್ಮ ಲೆಕ್ಕದಾಗ ಇತ್ತು. ಮಳಿ ನಮಗ ಮೊದಲೇ ಗೊತ್ತಿತ್ತಂತ ರಿಪೋರ್ಟ್ ಬರೀರಿ" ಎಂದರು. ಹೇಸಿಗೆ! ನಾಚಿಕೆ ಬಿಟ್ಟವನು ಊರಿಗೇ ದೊಡ್ಡವನು ಎಂದು ಸುಮ್ಮನೆ ಹೇಳುತ್ತಾರೆಯೇ? ನಾನು ಬರೆಯಲಿಲ್ಲ. ಆಫೀಸಿನ ಕೀಲಿ ಮೇಜಿನ ಮೇಲಿಟ್ಟು, ನೌಕರಿ ಬಿಟ್ಟು ಎದ್ದು ಬಂದೆ.

ನಾಲ್ಕು ದಿನ ಬಿಟ್ಟು, ಅಕ್ಕ ಮರಳಿದ್ದಾಳೆಂದು ತಿಳಿದು ಕಮಲಾಪುರಕ್ಕೆ ಹೋದೆ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ. ಕಾಳೆಲ್ಲ ಮೊಳಕೆಯೊಡೆದಿತ್ತಂತೆ. ಕೊಳೆತದ್ದನ್ನು ಎಮ್ಮೆಗೆ ಹಾಕಿ, ಚೆನ್ನಾಗಿದ್ದದ್ದನ್ನು ಒಗೆಯಲು ಮನಸ್ಸಾಗದೆ ಉಸುಳಿ ಮಾಡಿದ್ದಳು. ರೊಟ್ಟಿಯ ಪಕ್ಕ ತುಂಬ ಬಡಿಸಿ ಎದುರಿಗೆ ಕುಳಿತಳು.

"ಉಣ್ಣು ತಮ್ಮಾ. ಅವ್ವನ ಬೀಜದ್ದು ಇದೇ ಕಡೀ ಊಟ."

ರೊಟ್ಟಿ ಮುರಿದುಕೊಂಡೆ. ಒಂದು ಕಾಳೂ ಬಿಡದೆ ಉಂಡೆ.