ಬೋರ್ಡಿನ ಎರಡನೇ ಸಾಲು

ಹೋದ ವಾರ ನನ್ನ ಮಾನ ಕಳೆದದ್ದು ನನ್ನದೇ ವಾಟ್ಸಾಪ್ ಸ್ಟೇಟಸ್.

ಮೈಸೂರಿನ ನಮ್ಮ ಮನೆಯನ್ನು ಬಾಡಿಗೆಯವರು ಖಾಲಿ ಮಾಡಿದ್ದರು. ಬ್ರೋಕರ್ ನಾಗರಾಜ್ ಗೇಟಿಗೆ ಬೋರ್ಡ್ ಹಾಕಿ ಫೋಟೊ ಕಳಿಸಿದ. ಜೆಡ್ಡಾದಲ್ಲಿ ಕೂತು ನಾನದನ್ನು ಸ್ಟೇಟಸ್‌ಗೆ ಏರಿಸಿದೆ. ಮೊದಲ ಸಾಲು: ಮನೆ ಬಾಡಿಗೆಗೆ ಇದೆ. ಎರಡನೇ ಸಾಲು: ಸಸ್ಯಾಹಾರಿಗಳಿಗೆ ಮಾತ್ರ.

ಹತ್ತೇ ನಿಮಿಷಕ್ಕೆ ಎದುರು ಮನೆಯ ಜುಬೈದಾ ಬಾಗಿಲು ತಟ್ಟಿದಳು.

ಜುಬೈದಾ ಬಂಟ್ವಾಳದವಳು. ಅಜೀಜಿಯಾ ಬಡಾವಣೆಯ ಈ ಕಟ್ಟಡದಲ್ಲಿ ಆರು ವರ್ಷದಿಂದ ನಮ್ಮಿಬ್ಬರ ಬಾಗಿಲು ಎದುರುಬದುರು. ನಾನು ಮೊಟ್ಟೆಯನ್ನೂ ಮುಟ್ಟದವಳು ಎಂದು ಅವಳ ಅಡುಗೆಮನೆಯಲ್ಲಿ ನನಗಾಗಿಯೇ ಒಂದು ಬಾಣಲೆ, ಒಂದು ಸೌಟು ಬೇರೆ ಇದೆ. ಗುರುತಿಗೆ ಹಿಡಿಕೆಯ ಮೇಲೆ ಕೆಂಪು ದಾರ. (ಅವಳ ಗಂಡ ಒಮ್ಮೆ ಅದರಲ್ಲಿ ಆಮ್ಲೆಟ್ ಮಾಡಿ, ಬೈಸಿಕೊಂಡು, ಹೊಸದು ತಂದುಕೊಟ್ಟರು.)

“ಅಕ್ಕ, ಮೈಸೂರಿನ ಮನೆ ಖಾಲಿ ಉಂಟಲ್ಲ? ನಮ್ಮ ಮಗಳು ಸಫಾಳಿಗೆ ಅಲ್ಲಿ ಲಾ ಸೀಟ್ ಸಿಕ್ಕಿತು. ನನ್ನ ಉಮ್ಮ ಅವಳೊಟ್ಟಿಗೆ ಇರ್ತಾರೆ. ಇನ್ನು ಹತ್ತು ದಿನಕ್ಕೆ ಕ್ಲಾಸ್ ಶುರು. ಮೂರು ಮನೆ ಕೇಳಿ ಆಯ್ತು. ಹೆಸರು ಹೇಳಿದ ಮೇಲೆ ಯಾರೂ ಫೋನ್ ಎತ್ತುವುದಿಲ್ಲ ಮಾರಾಯ್ರೆ.”

ಬೋರ್ಡ್ ಓದಿದ್ದಾಳೋ, ಇಲ್ಲವೋ?

ಓದಿದ್ದಳು. “ಮೀನು, ಮಾಂಸ ಎಂತದೂ ಮಾಡುವುದಿಲ್ಲ ಅಕ್ಕ. ಉಮ್ಮನ ಹತ್ರ ಹೇಳಿಯಾಗಿದೆ. ಐದು ವರ್ಷ ತಾನೆ?”

ಜುಬೈದಾಳ ಅಮ್ಮ, ಬಂಟ್ವಾಳದ ಆ ಅಜ್ಜಿ, ಐದು ವರ್ಷ ಮೀನಿಲ್ಲದೆ ಇರುತ್ತಾರಂತೆ, ನನ್ನ ಗೋಡೆಗೆ ವಾಸನೆ ಹತ್ತಬಾರದೆಂದು! ಅದಕ್ಕೆ ನಾನು ಹೇಳಿದ್ದೇನು? “ನೋಡೋಣ, ಬ್ರೋಕರ್ ಹತ್ರ ಮಾತಾಡ್ತೀನಿ.”

ಆ ಸಾಲು ಬರೆಸಿದ್ದು ಬ್ರೋಕರ್ ಅಲ್ಲ, ನಾನೇ. ಅದು ಬರೀ ಊಟದ ಮಾತಲ್ಲ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು.

ಕಾಸ್ಮೊಪಾಲಿಟನ್ ಬದುಕಿನ ಬಗ್ಗೆ ಇದೇ ಅಂಕಣದಲ್ಲಿ ಕೊಚ್ಚಿಕೊಂಡಿದ್ದೆನಲ್ಲ? ಮೇಲಿನ ಮನೆಯಲ್ಲಿ ಫಿಲಿಪ್ಪೀನ್ಸ್ ನರ್ಸ್, ಕೆಳಗೆ ಸುಡಾನಿನ ಮೇಷ್ಟ್ರು, ನನ್ನ ಫ್ರಿಜ್ಜಿನಲ್ಲಿ ಹಮ್ಮಸ್ ಅಂತೆಲ್ಲ. ನೀವೂ ಮೆಚ್ಚಿ ಮೇಲ್ ಮಾಡಿದ್ದಿರಿ. ನಾಲ್ಕು ಭಾಷೆಯಲ್ಲಿ ಥ್ಯಾಂಕ್ಸ್ ಹೇಳಲು ಬಂದರೆ ಸಾಕು ಎಂದುಕೊಂಡಿದ್ದೆ. ಸುಲಭದ ಕೆಲಸ. ಅದಕ್ಕಾಗಿ ನಾನು ಏನನ್ನೂ ಬಿಟ್ಟುಕೊಡಬೇಕಿರಲಿಲ್ಲ.

ಈ ಕಟ್ಟಡಕ್ಕೆ ಬಂದ ದಿನ ವಾಚ್‌ಮನ್ ಕೇಳಿದ್ದು ನಮ್ಮ ವಾಸದ ಪರವಾನಗಿ ಇಕಾಮಾ, ಮತ್ತು ಸೋಫಾ ಲಿಫ್ಟಿನಲ್ಲಿ ಹಿಡಿಸುತ್ತದೆಯೇ ಎಂಬುದಷ್ಟೇ. ನಾನೇನು ತಿನ್ನುತ್ತೇನೆ, ಯಾರಿಗೆ ಕೈಮುಗಿಯುತ್ತೇನೆ ಎಂದು ಮಾಲೀಕರು ಇವತ್ತಿಗೂ ಕೇಳಿಲ್ಲ. ಕೇಳಿ, ನಿಮ್ಮಂಥವರಿಗೆ ಮನೆಯಿಲ್ಲ ಎಂದಿದ್ದರೆ? ಎಷ್ಟು ವಾರ ಕೂಗಾಡಿ ಬರೆಯುತ್ತಿದ್ದೆ, ಹೇಳಿ. ಅಂದಹಾಗೆ, ನಿಮ್ಮ ಗೇಟಿನ ಬೋರ್ಡಿನಲ್ಲಿ ಎರಡನೇ ಸಾಲು ಏನಿದೆ?

ಮರುದಿನ ತಿಂಡಿಗೆ ಕೂತಾಗ ಗಂಡನಿಗೆ ಹೇಳಿದೆ, ಮನೆ ಸಫಾಳಿಗೇ ಎಂದು. “ಅಲ್ಲಿ ಜನ ಏನಂತಾರೋ” ಎಂದರು. “ಅನ್ನಲಿ” ಎಂದೆ. ಅವರು ದೋಸೆ ಮುರಿಯುತ್ತಾ “ಸರಿ” ಅಂದರು.

ಚಪ್ಪಲಿಯನ್ನೂ ಮೆಟ್ಟದೆ ಎದುರು ಮನೆಗೆ ಹೋದೆ. “ಜುಬೈದಾ, ಮನೆ ಸಫಾಳದ್ದು. ಉಮ್ಮ ಮೀನು ಮಾಡಿಕೊಳ್ಳಲಿ. ನಾನು ರಜಕ್ಕೆ ಅಲ್ಲಿಗೆ ಹೋದಾಗ ನನಗೊಂದು ಬಾಣಲೆ ಬೇರೆ ಇದ್ದರೆ ಸಾಕು.”

ಅವಳು ಶಾಲಿನಲ್ಲಿ ಕಣ್ಣೊರೆಸಿಕೊಂಡಳು. “ಕೆಂಪು ದಾರದ್ದೇ ಕಳಿಸ್ತೇನೆ ಅಕ್ಕ. ನಿಮಗೆ ಇಲ್ಲಿಗೆ ಬೇರೆ ತಗೊಳ್ಳುವ.”

ಆಮೇಲೆ ನಾಗರಾಜ್‌ಗೆ ಫೋನ್ ಮಾಡಿದೆ. ಬೋರ್ಡ್ ಇಳಿಸಲು ಹೇಳಿದೆ. ಸಫಾಳ ಹೆಸರು, ಅಜ್ಜಿಯ ಹೆಸರು ಬಿಡಿಸಿ ಹೇಳಿದೆ.

“ಮೇಡಂ, ಆ ರೋಡಲ್ಲಿ ಕಷ್ಟ. ಯಾರು ಇವರು, ನಿಮಗೇನಾಗಬೇಕು ಅಂತ ಕೇಳ್ತಾರೆ. ಏನು ಹೇಳ್ಲಿ?”

“ನಮ್ಮ ಎದುರು ಮನೆಯವರು ಅಂತ ಹೇಳಿ.”