ಸೀಟಿನಲ್ಲಿ ಕುಳಿತು ಹೋದ ಫೈಲು

ಪುಣೆ–ಬೆಂಗಳೂರು ಹೆದ್ದಾರಿಯ ಸಂಖ್ಯೆ ನಾಲ್ಕರಿಂದ ನಲವತ್ತೆಂಟಾಗಿದೆ. ರಾಣೆಬೆನ್ನೂರಿನಲ್ಲಿ ಇದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಊರೊಳಗಿನ ಹಳೆಯ ತುಂಡು ಇನ್ನೂ ಪಿ.ಬಿ. ರೋಡ್, ಹೊರಗಿನದು ಬೈಪಾಸ್. ಎಂ.ಎ.ಯಲ್ಲಿ ನಾನು ಈ ರಸ್ತೆಯ ಇತಿಹಾಸದ ಮೇಲೆ ಪ್ರಬಂಧ ಬರೆದೆ. ಚಕ್ಕಡಿ, ಟಾಂಗಾ, ಲಾರಿ ಎಲ್ಲವೂ ಅದರಲ್ಲಿದ್ದವು. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಪದ್ಧತಿ ಇರಲಿಲ್ಲ.

ಹಾವೇರಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯ ಹುದ್ದೆಗೆ ಸಂದರ್ಶನವಿತ್ತು. ಮೂಲ ಅಂಕಪಟ್ಟಿಗಳೊಂದಿಗೆ ಹನ್ನೊಂದಕ್ಕೆ ಹಾಜರಿರಬೇಕಿತ್ತು. ರಾಣೆಬೆನ್ನೂರು ನಿಲ್ದಾಣಕ್ಕೆ ಬಸ್ಸು ಬಂದಾಗ ನನ್ನ ಬಳಿ ಟವೆಲ್ ಇರಲಿಲ್ಲ. ಅಂಕಪಟ್ಟಿಗಳಿದ್ದ ಫೈಲನ್ನೇ ಕಿಟಕಿಯಿಂದ ಸೀಟಿನ ಮೇಲೆ ಹಾಕಿದೆ. ಬಾಗಿಲಿಗೆ ಬಂದು ಇಳಿಯುವವರಿಗೆ ದಾರಿ ಬಿಟ್ಟೆ. ಆಮೇಲೆ ಹತ್ತುವವರಿಗೂ ಬಿಟ್ಟೆ. ಕಂಡಕ್ಟರ್ ಸೀಟಿ ಊದಿದರು. ಬಸ್ಸು ಹೋಯಿತು.

ಹತ್ತು ನಿಮಿಷದ ನಂತರ ಬಂದ ಬಸ್ಸಿನ ಕಂಡಕ್ಟರಿಗೆ ವಿಷಯ ಹೇಳಿದೆ.

“ಟವೆಲ್ ಒಗೀತಾರ್ರೀ ಅಕ್ಕಾರ. ಡಿಗ್ರಿ ಒಗೀತಾರೇನ್ರಿ?” ಎಂದರು.

ಹಾವೇರಿಯವರೆಗೆ ನಿಂತೇ ಹೋದೆ. ನಿಲ್ದಾಣದಲ್ಲಿ ಮೊದಲಿನ ಬಸ್ಸು ಖಾಲಿಯಾಗಿ ನಿಂತಿತ್ತು. ಒಳಗೆ ಒಬ್ಬ ವಯಸ್ಸಾದ ಹೆಂಗಸು ಮಾತ್ರ ಕುಳಿತಿದ್ದರು. ಪಕ್ಕದ ಸೀಟಿನಲ್ಲಿ ಫೈಲು.

“ನೀನ ಏನು? ಲಗೂ ಬರಬಾರದಾ ತಂಗಿ? ನಾ ಮೋಟೆಬೆನ್ನೂರಾಗ ಇಳಿಯಾಕಿ.”

ಅಲ್ಲಿಳಿದು ಬ್ಯಾಡಗಿಗೆ ಹೋಗಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ ಅವರದು. ಮೋಟೆಬೆನ್ನೂರು ಹಿಂದೆ ಉಳಿದಿತ್ತು.

“ಫೈಲು ಕಂಡಕ್ಟರ್ ಕೈಯಾಗ ಕೊಡಬೇಕಿಲ್ರಿ?” ಎಂದೆ.

“ಕೊಟ್ಟಿದ್ರ ನಿನ್ನ ಸೀಟು ಹೋಗತಿತ್ತು. ಹಾದೀ ತುಂಬಾ ಮಂದಿ ಕೇಳಿದ್ರು. ಬರಾಕತ್ತಾರ ಅಂದೆ. ಕುಂದ್ರು ಬಾ.”

ಕುಳಿತೆ. ಸಂದರ್ಶನಕ್ಕೆ ಇನ್ನೂ ಅರ್ಧ ಗಂಟೆಯಿತ್ತು.

ಆಮೇಲೆ ಇಬ್ಬರೂ ಇಳಿದೆವು. ಅವರು ಮೋಟೆಬೆನ್ನೂರಿಗೆ ಹಿಂದಿರುಗುವ ಬಸ್ಸು ತುಂಬಿಕೊಂಡೇ ಬಂತು. ಕೆಲಸದಲ್ಲಿ ತಲೆಗೆ, ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆಯನ್ನು ಅವರು ಚೀಲದಿಂದ ತೆಗೆದು ನನ್ನ ಕೈಗಿತ್ತರು.

“ಇದನ್ನ ಒಗಿ. ಕಾಗದಾ ಒಗೀಬ್ಯಾಡ.”

ಯಾರೋ ಎದ್ದ ಸೀಟಿಗೆ ಕಿಟಕಿಯಿಂದ ಒಗೆದೆ. ಒಳಗೆ ಇಬ್ಬರು ಸೀನಿದರು. ಆ ಸೀಟಿಗೆ ಯಾರೂ ಬರಲಿಲ್ಲ. ಅವರು ಅವಸರವಿಲ್ಲದೆ ಹತ್ತಿ ಕುಳಿತರು.

ಬಟ್ಟೆ ಒಗೆದ ಕೈಯಲ್ಲೇ ಫೈಲು ಹಿಡಿದು, ಕಾಲೇಜಿಗೆ ಹನ್ನೊಂದಕ್ಕೆ ಐದು ನಿಮಿಷವಿರುವಾಗ ತಲುಪಿದೆ. ಸಂದರ್ಶಕರು ಫೈಲು ತೆರೆದು ಅಂಕಪಟ್ಟಿಗಳನ್ನು ನೋಡಿದರು. ಮೂರನೆಯದನ್ನು ತಿರುವುವಾಗ ಸೀನಿದರು. ಎಲ್ಲವೂ ಮೂಲ ಪ್ರತಿಗಳೇ ಎಂದು ಬರೆದುಕೊಂಡರು.